ತೋಳಿನ ಬಲಕ್ಕೆ ಅಳತೆಗೋಲು ಯಾವುದು? ‘ದಾವಣಗೆರೆ ಎಕ್ಸ್‌ಪ್ರೆಸ್’ ಉಳಿಸಿಹೋದ ಪ್ರಶ್ನೆ

ದಾವಣಗೆರೆ: ವೇಗದ ಬೌಲರ್‌ನ ತೋಳಿನಲ್ಲಿ ಎಷ್ಟು ಬಲವಿದೆ ಎಂಬ ಪ್ರಶ್ನೆಗೆ ಇಂದು ಅರೆಕ್ಷಣದಲ್ಲಿ ಉತ್ತರ ದೊರೆಯುತ್ತದೆ. ಚೆಂಡು ಕೈಬಿಟ್ಟ ಬೆನ್ನಲ್ಲೇ ಪರದೆಯ ಮೂಲೆಯಲ್ಲಿ ಸಂಖ್ಯೆಯೊಂದು ಮೂಡುತ್ತದೆ. 140 ಎಂದಿದ್ದರೆ ವೀಕ್ಷಕ ವಿವರಣೆಗಾರರ ಧ್ವನಿ ಏರುತ್ತದೆ, 125 ಎಂದಿದ್ದರೆ ‘ಮಧ್ಯಮ ವೇಗಿ’ ಎಂಬ ಹಣೆಪಟ್ಟಿ ಬೀಳುತ್ತದೆ. ಜಿಲ್ಲಾ ಮಟ್ಟದ ಆಯ್ಕೆ ಶಿಬಿರಗಳಲ್ಲಿಯೂ ರಾಡಾರ್ ಗನ್ ಕಾಣಿಸಿಕೊಳ್ಳುತ್ತಿರುವ ಈ ದಿನಗಳಲ್ಲಿ ಆ ಸಂಖ್ಯೆ ಏನನ್ನು ಹೇಳುತ್ತದೆ, ಏನನ್ನು ಮುಚ್ಚಿಡುತ್ತದೆ ಎಂಬುದನ್ನು ತಿಳಿದಿರುವುದು ಬೌಲರ್‌ಗಳಿಗೆ ಮಾತ್ರವಲ್ಲ, ಅವರ ಪೋಷಕರಿಗೂ ಅಗತ್ಯವಾಗಿದೆ.

ರಾಜ್ಯದ ಕ್ರಿಕೆಟ್‌ನಲ್ಲಿ ಈ ಪ್ರಶ್ನೆಯನ್ನು ತಮ್ಮ ವೃತ್ತಿಜೀವನದ ಮೂಲಕವೇ ಮುಂದಿಟ್ಟವರು ದಾವಣಗೆರೆಯ ಆರ್. ವಿನಯ್ ಕುಮಾರ್. 1984ರ ಫೆಬ್ರವರಿ 12ರಂದು ಜನಿಸಿದ ಈ ಬಲಗೈ ಬೌಲರ್‌ಗೆ ಅಭಿಮಾನಿಗಳು ಇಟ್ಟ ಹೆಸರು ‘ದಾವಣಗೆರೆ ಎಕ್ಸ್‌ಪ್ರೆಸ್’. ಆ ಹೆಸರಿನಲ್ಲಿ ಸ್ವಲ್ಪ ವ್ಯಂಗ್ಯವೂ ಇತ್ತೆನ್ನಬೇಕು. ಏಕೆಂದರೆ ಗಂಟೆಗೆ 130 ಕಿ.ಮೀ. ಆಸುಪಾಸಿನಲ್ಲಿ ಸಾಗುತ್ತಿದ್ದ ಅವರ ಚೆಂಡನ್ನು ಎಕ್ಸ್‌ಪ್ರೆಸ್ ಎಂದು ಕರೆಯಲು ವೇಗಮಾಪಕ ಒಪ್ಪುತ್ತಿರಲಿಲ್ಲ. ಆದರೂ 2021ರ ಫೆಬ್ರವರಿಯಲ್ಲಿ ನಿವೃತ್ತಿ ಘೋಷಿಸಿದಾಗ ಪ್ರಥಮ ದರ್ಜೆಯ 139 ಪಂದ್ಯಗಳಲ್ಲಿ 504 ವಿಕೆಟ್‌ಗಳು ಅವರ ಹೆಸರಿನಲ್ಲಿದ್ದವು.

ಪರ್ತ್ ಮತ್ತು ವಾಂಖೆಡೆ

ವಿನಯ್ ಆಡಿದ್ದು ಒಂದೇ ಟೆಸ್ಟ್. ಅದು 2012ರ ಜನವರಿಯಲ್ಲಿ, ಆಸ್ಟ್ರೇಲಿಯಾದ ಪರ್ತ್‌ನಲ್ಲಿ. ವೇಗ ಮತ್ತು ಪುಟಿತಕ್ಕೆ ಹೆಸರಾದ ಆ ಪಿಚ್‌ನಲ್ಲಿ ಡೇವಿಡ್ ವಾರ್ನರ್ 69 ಎಸೆತಗಳಲ್ಲಿ ಶತಕ ಬಾರಿಸಿ, 180 ರನ್‌ಗಳವರೆಗೆ ಸಾಗಿದರು. ವಿನಯ್ ಕುಮಾರ್ 13 ಓವರ್‌ಗಳಲ್ಲಿ 73 ರನ್ ನೀಡಿ ಪಡೆದದ್ದು ಒಂದು ವಿಕೆಟ್. ಅದೇ ಇನಿಂಗ್ಸ್‌ನಲ್ಲಿ ಅವರಿಗಿಂತ ಬಹಳ ವೇಗವಾಗಿ ಬೌಲ್ ಮಾಡುತ್ತಿದ್ದ ಉಮೇಶ್ ಯಾದವ್ 93 ರನ್‌ಗಳಿಗೆ ಐದು ವಿಕೆಟ್ ಕಬಳಿಸಿದರು. ವೇಗವಿಲ್ಲದ ತೋಳಿಗೆ ಅಂತರರಾಷ್ಟ್ರೀಯ ಕ್ರಿಕೆಟ್‌ನಲ್ಲಿ ಸ್ಥಳವಿಲ್ಲ ಎಂದು ವಾದಿಸುವವರಿಗೆ ಇದಕ್ಕಿಂತ ಸ್ಪಷ್ಟ ಸಾಕ್ಷ್ಯ ಬೇಕಿರಲಿಲ್ಲ. 2013ರ ನವೆಂಬರ್ 2ರಂದು ಬೆಂಗಳೂರಿನ ಚಿನ್ನಸ್ವಾಮಿ ಕ್ರೀಡಾಂಗಣದಲ್ಲಿ, ತವರಿನ ಪ್ರೇಕ್ಷಕರ ಎದುರೇ, ಆಸ್ಟ್ರೇಲಿಯಾ ವಿರುದ್ಧದ ಏಕದಿನ ಪಂದ್ಯದಲ್ಲಿ ಅವರು 9 ಓವರ್‌ಗಳಲ್ಲಿ 102 ರನ್ ಬಿಟ್ಟುಕೊಟ್ಟದ್ದು ಈ ವಾದಕ್ಕೆ ಮತ್ತಷ್ಟು ಬಲ ನೀಡಿತು.

ಇನ್ನೊಂದು ಪಕ್ಕದ ದಾಖಲೆಯೂ ಅಷ್ಟೇ ಸ್ಪಷ್ಟವಾಗಿದೆ. 2011ರ ಅಕ್ಟೋಬರ್‌ನಲ್ಲಿ ದೆಹಲಿಯಲ್ಲಿ ಇಂಗ್ಲೆಂಡ್ ವಿರುದ್ಧ 30 ರನ್‌ಗಳಿಗೆ 4 ವಿಕೆಟ್. ಅವರ ನಾಯಕತ್ವದಲ್ಲಿ ಕರ್ನಾಟಕಕ್ಕೆ 2013-14 ಮತ್ತು 2014-15ರಲ್ಲಿ ಸತತ ಎರಡು ಬಾರಿ ರಣಜಿ ಟ್ರೋಫಿ, ಇರಾನಿ ಕಪ್ ಮತ್ತು ವಿಜಯ್ ಹಜಾರೆ ಟ್ರೋಫಿಗಳ ಮೂರು ಪಟ್ಟ. 2015ರ ಮಾರ್ಚ್‌ನಲ್ಲಿ ಮುಂಬೈನ ವಾಂಖೆಡೆಯಲ್ಲಿ ನಡೆದ ರಣಜಿ ಫೈನಲ್‌ನಲ್ಲಿ ತಮಿಳುನಾಡು 134 ರನ್‌ಗಳಿಗೆ ಕುಸಿದಾಗ ವಿನಯ್ ಗಳಿಕೆ 34ಕ್ಕೆ 5. ಬಳಿಕ ಬ್ಯಾಟಿಂಗ್‌ನಲ್ಲಿಯೂ ಅಜೇಯ 105. 2017ರ ಡಿಸೆಂಬರ್‌ನಲ್ಲಿ ನಾಗಪುರದಲ್ಲಿ ಮುಂಬೈ ವಿರುದ್ಧದ ಕ್ವಾರ್ಟರ್ ಫೈನಲ್‌ನಲ್ಲಿ ಹ್ಯಾಟ್ರಿಕ್ ಸಹಿತ 34ಕ್ಕೆ 6. ಆಗ ಅವರಿಗೆ 33 ವರ್ಷ. ವೇಗದ ಬೌಲರ್‌ನ ತೋಳು ಸೋಲತೊಡಗುವ ವಯಸ್ಸದು.

ಎರಡೂ ದಾಖಲೆಗಳು ಒಂದೇ ತೋಳಿನದು. ಪರ್ತ್ ನಿಜವೋ ವಾಂಖೆಡೆ ನಿಜವೋ ಎಂದು ಕೇಳುವುದರಲ್ಲಿ ಅರ್ಥವಿಲ್ಲ. ವೇಗಮಾಪಕ ಪರ್ತ್‌ನಲ್ಲಿ ಸರಿಯಾದ ಎಚ್ಚರಿಕೆಯನ್ನೇ ನೀಡಿತ್ತು. ಆದರೆ 17-18ರ ವಯಸ್ಸಿನಲ್ಲಿ ಅದೊಂದನ್ನೇ ನೆಚ್ಚಿ ಈ ಬೌಲರ್‌ನನ್ನು ಮನೆಗೆ ಕಳುಹಿಸಿದ್ದರೆ ರಾಜ್ಯ ತಂಡಕ್ಕೆ ಆಗುತ್ತಿದ್ದ ನಷ್ಟವನ್ನು ಯಾವ ಯಂತ್ರವೂ ತೋರಿಸುತ್ತಿರಲಿಲ್ಲ.

ಸಂಖ್ಯೆ ಹುಟ್ಟುವ ಬಗೆ

ರಾಡಾರ್ ಗನ್ ರೇಡಿಯೊ ಅಲೆಗಳನ್ನು ಚೆಂಡಿನತ್ತ ಬಿಟ್ಟು, ತಿರುಗಿ ಬರುವ ಅಲೆಯ ಆವರ್ತನದಲ್ಲಾದ ಬದಲಾವಣೆಯಿಂದ ವೇಗವನ್ನು ಕಂಡುಹಿಡಿಯುತ್ತದೆ. ಹೆದ್ದಾರಿಯಲ್ಲಿ ಪೊಲೀಸರು ವಾಹನಗಳ ವೇಗ ಅಳೆಯುವ ಉಪಕರಣದ ತತ್ವವೂ ಇದೇ. ಚೆಂಡು ನೇರವಾಗಿ ಗನ್‌ನತ್ತ ಬರುತ್ತಿದ್ದರೆ ಅಥವಾ ಅದರಿಂದ ನೇರವಾಗಿ ದೂರ ಸರಿಯುತ್ತಿದ್ದರೆ ಮಾತ್ರ ಅಳತೆ ನಿಖರ. ಗನ್ ಹಿಡಿದವರು ಪಕ್ಕಕ್ಕೆ ಸರಿದು ನಿಂತರೆ ಸಂಖ್ಯೆ ಇಳಿಯುತ್ತದೆ. 20 ಡಿಗ್ರಿ ಓರೆಯಾದರೆ 130 ಕಿ.ಮೀ. ವೇಗದ ಚೆಂಡು 122 ಎಂದು ದಾಖಲಾಗುತ್ತದೆ. 30 ಡಿಗ್ರಿ ಓರೆಯಾದರೆ 113ಕ್ಕೂ ಕಡಿಮೆ. ಆಯ್ಕೆ ಶಿಬಿರದಲ್ಲಿ ಗನ್ ಹಿಡಿದವರು ವಿಕೆಟ್ ಹಿಂದೆ ನಿಲ್ಲುವ ಬದಲು ನೆಟ್‌ನ ಪಕ್ಕದಲ್ಲಿ ಕುರ್ಚಿ ಹಾಕಿಕೊಂಡು ಕುಳಿತಿದ್ದರೆ ಹುಡುಗನ ವೇಗದಲ್ಲಿ ಹತ್ತು ಕಿ.ಮೀ. ಕಳೆದುಹೋಗುವುದು ಹೀಗೆ.

ಉಪಕರಣವನ್ನು ಎಲ್ಲಿ, ಹೇಗೆ ಹಿಡಿಯಲಾಗಿದೆ ಎಂದು ಕೇಳದೆ ಅಳತೆಯನ್ನು ಒಪ್ಪಬಾರದೆಂಬುದನ್ನು ಹರಿಹರದವರಿಗೆ ಹೇಳಿಕೊಡಬೇಕಿಲ್ಲ. ಈಗ ಮುಚ್ಚಿಹೋಗಿರುವ ಮೈಸೂರು ಕಿರ್ಲೋಸ್ಕರ್ ಕಾರ್ಖಾನೆಯಲ್ಲಿ ದಶಕಗಳ ಕಾಲ ಲೇತ್ ಯಂತ್ರಗಳನ್ನು ತಯಾರಿಸಿ ದೇಶಕ್ಕೆಲ್ಲ ಕಳುಹಿಸಿದ ಊರದು.

ಪರದೆಯ ಮೇಲೆ ಕಾಣುವುದು ಚೆಂಡು ಕೈಬಿಟ್ಟಾಗಿನ ವೇಗ ಎಂಬುದನ್ನೂ ನೆನಪಿಡಬೇಕು. ಗಾಳಿಯ ತಡೆ ಮತ್ತು ಪಿಚ್‌ಗೆ ಬಡಿದಾಗಿನ ಘರ್ಷಣೆಯಿಂದಾಗಿ ಬ್ಯಾಟ್ಸ್‌ಮನ್ ಬಳಿ ತಲುಪುವಷ್ಟರಲ್ಲಿ ಚೆಂಡು ಗಣನೀಯವಾಗಿ ನಿಧಾನವಾಗಿರುತ್ತದೆ. ಎಷ್ಟು ನಿಧಾನ ಎಂಬುದು ಚೆಂಡು ಬಿದ್ದ ಜಾಗ ಮತ್ತು ಪಿಚ್‌ನ ಗಡಸುತನವನ್ನು ಅವಲಂಬಿಸಿದೆ. ಒಂದು ಪಾಪಿಂಗ್ ಕ್ರೀಸ್‌ನಿಂದ ಇನ್ನೊಂದಕ್ಕೆ 17.68 ಮೀಟರ್ ಅಂತರ. ವೇಗ ಕುಗ್ಗುವುದೇ ಇಲ್ಲವೆಂದು ಭಾವಿಸಿ ಲೆಕ್ಕ ಹಾಕಿದರೂ 140 ಕಿ.ಮೀ. ವೇಗದ ಚೆಂಡಿಗೆ ಆ ಅಂತರ ಕ್ರಮಿಸಲು 0.45 ಸೆಕೆಂಡ್ ಬೇಕು, 125 ಕಿ.ಮೀ. ವೇಗದ ಚೆಂಡಿಗೆ 0.51 ಸೆಕೆಂಡ್. ಇಬ್ಬರು ಬೌಲರ್‌ಗಳ ನಡುವಿನ ವ್ಯತ್ಯಾಸ ಸೆಕೆಂಡಿನ ಇಪ್ಪತ್ತನೇ ಒಂದು ಭಾಗಕ್ಕಿಂತ ತುಸು ಹೆಚ್ಚು. ವಾರ್ನರ್‌ನಂಥ ಆಟಗಾರನಿಗೆ ಅಷ್ಟು ಸಮಯ ಧಾರಾಳವಾಯಿತು.

ಗನ್ ಇಲ್ಲದವರು ಮೊಬೈಲ್ ಕ್ಯಾಮೆರಾದಿಂದಲೂ ವೇಗವನ್ನು ಅಂದಾಜಿಸಬಹುದು. ಆದರೆ ಸೆಕೆಂಡಿಗೆ 30 ಚಿತ್ರ ತೆಗೆಯುವ ಸಾಮಾನ್ಯ ವಿಡಿಯೊದಲ್ಲಿ 125 ಕಿ.ಮೀ. ವೇಗದ ಚೆಂಡು ಒಂದು ಚಿತ್ರದಿಂದ ಮುಂದಿನ ಚಿತ್ರಕ್ಕೆ ಒಂದು ಮೀಟರ್‌ಗಿಂತ ಹೆಚ್ಚು ಸಾಗಿರುತ್ತದೆ. ಎಣಿಕೆಯಲ್ಲಿ ಒಂದೇ ಚಿತ್ರ ತಪ್ಪಿದರೂ ಸುಮಾರು 8 ಕಿ.ಮೀ. ವ್ಯತ್ಯಾಸವಾಗುತ್ತದೆ. ಸೆಕೆಂಡಿಗೆ 240 ಚಿತ್ರಗಳ ನಿಧಾನಗತಿಯ ವಿಡಿಯೊದಲ್ಲಿ ಅದೇ ತಪ್ಪು ಒಂದು ಕಿ.ಮೀ.ಗೆ ಇಳಿಯುತ್ತದೆ. ಹೀಗೆ ದೊರೆಯುವುದು ಸರಾಸರಿ ವೇಗವಾದ್ದರಿಂದ ಗನ್ ತೋರಿಸುವ ಸಂಖ್ಯೆಗಿಂತ ಕಡಿಮೆಯೇ ಇರುತ್ತದೆ. ಬೇರೆಯವರೊಂದಿಗೆ ಹೋಲಿಸಿಕೊಳ್ಳಲು ಇದು ಉಪಯೋಗವಿಲ್ಲ. ಅದೇ ಬೌಲರ್ ಆರು ತಿಂಗಳ ಹಿಂದೆ ಎಲ್ಲಿದ್ದ, ಈಗ ಎಲ್ಲಿದ್ದಾನೆ ಎಂದು ನೋಡಲು ಧಾರಾಳವಾಗಿ ಸಾಕು.

ಬಲ ಇರುವುದು ತೋಳಿನಲ್ಲಲ್ಲ

ಜೋಳದ ಹೊಲದಲ್ಲಿ ಹಕ್ಕಿ ಓಡಿಸಲು ಕವಣೆ ಬೀಸುವವನನ್ನು ನೋಡಿದವರಿಗೆ ವೇಗದ ಬೌಲಿಂಗ್‌ನ ಗುಟ್ಟು ಅರ್ಧ ಅರ್ಥವಾದಂತೆ. ಕಲ್ಲು ದೂರ ಹೋಗುವುದು ತೋಳಿನ ಸ್ನಾಯು ದಪ್ಪವಿರುವುದರಿಂದಲ್ಲ. ಕಾಲಿನಿಂದ ಸೊಂಟಕ್ಕೆ, ಸೊಂಟದಿಂದ ಭುಜಕ್ಕೆ, ಭುಜದಿಂದ ಹಗ್ಗಕ್ಕೆ ಚಲನೆ ಸರಿಯಾದ ಕ್ರಮದಲ್ಲಿ ದಾಟಿ, ಕೊನೆಯ ತುದಿಯಲ್ಲಿ ಬಿಡುಗಡೆಯಾಗುವುದರಿಂದ. ಬೌಲರ್‌ನ ತೋಳು ಕವಣೆಯ ಹಗ್ಗವಿದ್ದಂತೆ. ಅದರಲ್ಲಿ ಬಲ ಹುಟ್ಟುವುದು ಸ್ವಲ್ಪ. ಬೇರೆಡೆ ಹುಟ್ಟಿದ ಬಲವನ್ನು ಚೆಂಡಿಗೆ ತಲುಪಿಸುವುದೇ ಅದರ ಮುಖ್ಯ ಕೆಲಸ.

ಇಂಗ್ಲೆಂಡ್‌ನ ಲಫ್‌ಬರೋ ವಿಶ್ವವಿದ್ಯಾಲಯದ ಸಂಶೋಧಕರು ಉನ್ನತ ಮಟ್ಟದ 20 ವೇಗದ ಬೌಲರ್‌ಗಳನ್ನು ಅಧ್ಯಯನ ಮಾಡಿ 2013ರಲ್ಲಿ ಪ್ರಕಟಿಸಿದ ವರದಿ ಇದನ್ನೇ ಅಂಕಿ-ಅಂಶಗಳಿಂದ ದೃಢಪಡಿಸಿತು. ಓಟದ ವೇಗ, ಮುಂಗಾಲಿನ ಮೊಣಕಾಲು ನೇರವಾಗಿ ಉಳಿಯುವುದು, ಮುಂಗಾಲು ಊರಿದ ನಂತರ ಮುಂಡದ ಮೇಲ್ಭಾಗ ಬಾಗುವ ಪ್ರಮಾಣ, ತೋಳು ತಡವಾಗಿ ಮುಂದೆ ಬರುವುದು ಎಂಬ ನಾಲ್ಕು ಅಂಶಗಳೇ ಬೌಲರ್‌ಗಳ ನಡುವಿನ ವೇಗದ ವ್ಯತ್ಯಾಸದ ಶೇ 74ರಷ್ಟನ್ನು ವಿವರಿಸುತ್ತವೆ ಎಂದು ಅವರು ಕಂಡುಕೊಂಡರು. ನಾಲ್ಕರಲ್ಲಿ ತೋಳಿಗೆ ಸಂಬಂಧಿಸಿದ್ದು ಒಂದೇ. ಅದೂ ಬಲದ ಮಾತಲ್ಲ, ಹೊತ್ತಿನ ಮಾತು.

ಮುಂಗಾಲಿನ ಪಾತ್ರವನ್ನು ಹೀಗೆ ಅರ್ಥ ಮಾಡಿಕೊಳ್ಳಬಹುದು. ವೇಗವಾಗಿ ಹೋಗುತ್ತಿರುವ ಬಸ್ಸಿಗೆ ಚಾಲಕ ಥಟ್ಟನೆ ಬ್ರೇಕ್ ಹಾಕಿದರೆ ನಿಂತ ಪ್ರಯಾಣಿಕರು ಮುಂದಕ್ಕೆ ಮುಗ್ಗರಿಸುತ್ತಾರೆ. ಓಡಿ ಬಂದ ಬೌಲರ್‌ನ ಮುಂಗಾಲು ಗಟ್ಟಿಯಾಗಿ ಊರಿ ನಿಂತಾಗ ಆಗುವುದೂ ಅದೇ. ಕೆಳಗಿನ ದೇಹ ನಿಲ್ಲುತ್ತದೆ, ಮೇಲಿನ ದೇಹ ಅದರ ಮೇಲಿಂದ ಮುಂದಕ್ಕೆ ಚಿಮ್ಮುತ್ತದೆ, ಕೊನೆಯಲ್ಲಿ ತೋಳು ಬರುತ್ತದೆ. ಮೊಣಕಾಲು ಮಡಿಚಿಕೊಂಡರೆ ಬ್ರೇಕ್ ಅರ್ಧ ಹಿಡಿದಂತೆ, ಓಟದ ಶಕ್ತಿಯ ಬಹುಪಾಲು ಪಿಚ್ ಮೇಲೆಯೇ ಸೋರಿಹೋಗುತ್ತದೆ. ಬಿಡುಗಡೆಯ ಎತ್ತರವೂ ತಗ್ಗುವುದರಿಂದ ಪುಟಿತ ಕಡಿಮೆಯಾಗುತ್ತದೆ. ಆದರೆ ಇದರ ಬೆಲೆಯೂ ದೊಡ್ಡದು. ಮುಂಗಾಲು ನೆಲಕ್ಕೆ ತಾಗಿದ ಕ್ಷಣದಲ್ಲಿ ದೇಹದ ತೂಕದ ಆರೇಳು ಪಟ್ಟು ಬಲ ಆ ಒಂದು ಕಾಲಿನ ಮೇಲೆ ಬೀಳುತ್ತದೆ. ತೊಡೆ ಮತ್ತು ಸೊಂಟದ ಸ್ನಾಯುಗಳು ಬಲಿಯದ 13 ವರ್ಷದ ಹುಡುಗನಿಗೆ ‘ಮೊಣಕಾಲು ಮಡಿಸಬೇಡ’ ಎಂದು ಒತ್ತಾಯಿಸುವುದು ತರಬೇತಿಯಲ್ಲ, ಗಾಯಕ್ಕೆ ಆಹ್ವಾನ.

ಆದ್ದರಿಂದಲೇ ಬೌಲರ್‌ನ ಶೈಲಿಯನ್ನು ಪರಿಶೀಲಿಸುವವರು ಎರಡು ಕಡೆಯಿಂದ ನೋಡುತ್ತಾರೆ. ಪಕ್ಕದಿಂದ ನೋಡಿದಾಗ ಓಟದ ಕೊನೆಯ ಹೆಜ್ಜೆಗಳಲ್ಲಿ ವೇಗ ಕುಗ್ಗುತ್ತಿದೆಯೇ, ಮುಂಗಾಲು ಏನು ಮಾಡುತ್ತದೆ, ಆ ಹೊತ್ತಿಗೆ ಚೆಂಡು ಹಿಡಿದ ಕೈ ಎಲ್ಲಿದೆ ಎಂಬುದು ತಿಳಿಯುತ್ತದೆ. ಮುಂಗಾಲು ಊರಿದಾಗ ಕೈ ಇನ್ನೂ ಹಿಂದೆಯೇ ಉಳಿದಿದ್ದರೆ ಒಳ್ಳೆಯ ಲಕ್ಷಣ, ಆಗಲೇ ತಲೆಯ ಮೇಲೆ ಬಂದಿದ್ದರೆ ಆ ಬೌಲರ್ ಬರೀ ಭುಜದಿಂದ ಬೌಲ್ ಮಾಡುತ್ತಿದ್ದಾನೆಂದು ಅರ್ಥ. ಹಿಂದಿನಿಂದ ನೋಡಿದಾಗ ದೇಹ ವಿಕೆಟ್ ಕಡೆಗೇ ಸಾಗುತ್ತಿದೆಯೇ ಅಥವಾ ಪಕ್ಕಕ್ಕೆ ವಾಲುತ್ತಿದೆಯೇ, ಮಣಿಕಟ್ಟು ಚೆಂಡಿನ ಹಿಂದೆ ನೇರವಾಗಿದೆಯೇ, ಬೌಲಿಂಗ್ ಮುಗಿದ ಮೇಲೆ ಬೌಲರ್ ಎತ್ತ ಓಡುತ್ತಾನೆ ಎಂಬುದು ಕಾಣುತ್ತದೆ. ಈ ಕೊನೆಯ ಅಂಶವನ್ನು ಹೆಚ್ಚಿನವರು ಗಮನಿಸುವುದಿಲ್ಲ. ಚೆಂಡು ಬಿಟ್ಟ ನಂತರದ ಎರಡು ಮೂರು ಹೆಜ್ಜೆಗಳು ಅದಕ್ಕೆ ಮುಂಚಿನ ತಪ್ಪನ್ನು ಬಯಲು ಮಾಡುತ್ತವೆ.

ಹತ್ತು ವರ್ಷ ಮೊದಲೇ ಆಟ ಕಲಿತಿರಬೇಕೆಂಬ ನಿಯಮವೇನೂ ಇಲ್ಲ. ವಿನಯ್ ಅವರ ಜೊತೆ ಹೊಸ ಚೆಂಡು ಹಂಚಿಕೊಂಡ ಅಭಿಮನ್ಯು ಮಿಥುನ್ ಎಸೆತ ಕ್ರೀಡೆಗಳ ಹಿನ್ನೆಲೆಯಿಂದ ಬಂದವರು, 17ರ ವಯಸ್ಸಿನವರೆಗೆ ಲೆದರ್ ಬಾಲ್‌ನಲ್ಲಿ ಬೌಲ್ ಮಾಡಿರಲಿಲ್ಲ. 2009ರ ನವೆಂಬರ್‌ನಲ್ಲಿ ಮೀರತ್‌ನಲ್ಲಿ ಉತ್ತರ ಪ್ರದೇಶದ ವಿರುದ್ಧ ಆಡಿದ ಚೊಚ್ಚಲ ರಣಜಿ ಪಂದ್ಯದಲ್ಲೇ ಹ್ಯಾಟ್ರಿಕ್ ಪಡೆದರು.

ವೇಗ ಕಡಿಮೆಯಾದರೆ ಸಿಗುವುದೇನು?

ವೇಗದ ಕೊರತೆಯನ್ನು ಬರೀ ಕೊರತೆ ಎಂದು ನೋಡುವುದೂ ಸರಿಯಲ್ಲ. ಚೆಂಡಿನ ಸ್ವಿಂಗ್ ಕುರಿತು ರವೀಂದ್ರ ಮೆಹ್ತಾ ಮತ್ತು ಸಂಗಡಿಗರು ಗಾಳಿ ಸುರಂಗದಲ್ಲಿ ನಡೆಸಿದ ಪ್ರಯೋಗಗಳ ಫಲಿತಾಂಶ 1983ರಲ್ಲಿ ‘ನೇಚರ್’ ಪತ್ರಿಕೆಯಲ್ಲಿ ಪ್ರಕಟವಾಯಿತು. ಸೀಮ್ ಸುಮಾರು 20 ಡಿಗ್ರಿ ಓರೆಯಾಗಿದ್ದು, ವೇಗ ಸೆಕೆಂಡಿಗೆ 30 ಮೀಟರ್, ಅಂದರೆ ಗಂಟೆಗೆ ಸುಮಾರು 110 ಕಿ.ಮೀ. ಇದ್ದಾಗ ಪಕ್ಕಕ್ಕೆ ಎಳೆಯುವ ಬಲ ಗರಿಷ್ಠ ಮಟ್ಟದಲ್ಲಿರುತ್ತದೆ. ವೇಗ ಅದರಿಂದ ಬಹಳ ಮೇಲೇರಿದಂತೆ ಹೊಸ ಚೆಂಡಿನ ಸಾಂಪ್ರದಾಯಿಕ ಸ್ವಿಂಗ್ ಕ್ಷೀಣಿಸುತ್ತದೆ. ಹಾಗಾಗಿ 130ರ ಆಸುಪಾಸಿನ ಬೌಲರ್‌ಗೆ 145ರ ಬೌಲರ್‌ಗೆ ಇಲ್ಲದ ಒಂದು ಅನುಕೂಲ ಇದ್ದೇ ಇದೆ. ಆದರೆ ಸೀಮ್ ನೇರವಾಗಿ, ಅಲುಗಾಡದೆ ಸಾಗಬೇಕು. ಅದು ಮಣಿಕಟ್ಟು ಮತ್ತು ಬೆರಳುಗಳ ಕೆಲಸ, ರಾಡಾರ್ ಗನ್ ಕಾಣದ ಕೆಲಸ.

ಭಾರತದ ಪಂದ್ಯಗಳಲ್ಲಿ ಬಳಸುವ ಎಸ್‌ಜಿ ಚೆಂಡಿನ ಸೀಮ್ ಕೈಹೊಲಿಗೆಯದು, ಎದ್ದು ನಿಲ್ಲುವಂಥದ್ದು. ಆಸ್ಟ್ರೇಲಿಯಾದ ಕೂಕಬುರಾ ಚೆಂಡಿನ ಸೀಮ್ ಬೇಗ ಚಪ್ಪಟೆಯಾಗುತ್ತದೆ. ಒಂದೇ ಮಣಿಕಟ್ಟು ವಾಂಖೆಡೆಯಲ್ಲಿ ಮಾಡಿದ್ದನ್ನು ಪರ್ತ್‌ನಲ್ಲಿ ಮಾಡಲಾಗದಿದ್ದುದಕ್ಕೆ ಇದೂ ಒಂದು ಕಾರಣವೆನ್ನಬಹುದು. ಕರ್ನಾಟಕ ಈ ಎರಡು ಬಗೆಯ ಬೌಲರ್‌ಗಳನ್ನು ಏಕಕಾಲಕ್ಕೆ ಭಾರತ ತಂಡಕ್ಕೆ ನೀಡಿದ ರಾಜ್ಯ. 1990ರ ದಶಕದಲ್ಲಿ ಮೈಸೂರಿನ ಜಾವಗಲ್ ಶ್ರೀನಾಥ್ ವೇಗಕ್ಕೆ, ಬೆಂಗಳೂರಿನ ವೆಂಕಟೇಶ್ ಪ್ರಸಾದ್ ಲೆಗ್ ಕಟರ್ ಮತ್ತು ನಿಧಾನಗತಿಯ ಚೆಂಡಿಗೆ ಹೆಸರಾಗಿದ್ದರು. ವಿನಯ್ ಬಂದದ್ದು ಪ್ರಸಾದ್ ಅವರ ಹಾದಿಯಲ್ಲಿ.

ಟೆನಿಸ್ ಬಾಲ್ ಮತ್ತು 15 ಡಿಗ್ರಿ

ದಾವಣಗೆರೆಯ ಹೈಸ್ಕೂಲ್ ಮೈದಾನದಲ್ಲಿ ಹೊನಲು ಬೆಳಕಿನಲ್ಲಿ ನಡೆಯುವ ಟೆನಿಸ್ ಬಾಲ್ ಪಂದ್ಯಾವಳಿಗಳಿಗೆ ಸೇರುವ ಜನ ಎಷ್ಟೋ ಬಾರಿ ಲೆದರ್ ಬಾಲ್ ಪಂದ್ಯಗಳಿಗೆ ಸೇರುವುದಿಲ್ಲ. ಇಲ್ಲಿಂದ 14 ಕಿ.ಮೀ. ದೂರದ ಹರಿಹರದಲ್ಲಿಯೂ ಹುಡುಗರ ಕೈಗೆ ಮೊದಲು ಸಿಗುವುದು ಟೆನಿಸ್ ಬಾಲ್. ಬೌಲರ್ ಆಗಬಯಸುವವನಿಗೆ ಇದರಿಂದ ಲಾಭವೂ ಇದೆ, ಅಪಾಯವೂ ಇದೆ.

ಟೆನಿಸ್ ಚೆಂಡಿನ ತೂಕ 56ರಿಂದ 59.4 ಗ್ರಾಂ. ಕ್ರಿಕೆಟ್‌ನ ಲೆದರ್ ಬಾಲ್ 155.9ರಿಂದ 163 ಗ್ರಾಂ, ಅಂದರೆ ಎರಡೂವರೆ ಪಟ್ಟಿಗಿಂತ ಹೆಚ್ಚು. ಹಗುರ ಚೆಂಡು ಗಾಳಿಯಲ್ಲಿ ಬೇಗ ವೇಗ ಕಳೆದುಕೊಳ್ಳುವುದರಿಂದ ಬೌಲರ್ ತೋಳನ್ನು ಇನ್ನಷ್ಟು ಜೋರಾಗಿ ಬೀಸಬೇಕಾಗುತ್ತದೆ. ಸ್ವಿಂಗ್, ಸೀಮ್‌ಗಳ ನೆರವಿಲ್ಲದ ಕಾರಣ ಯಾರ್ಕರ್ ಮತ್ತು ವೇಗದ ಬದಲಾವಣೆ ಅನಿವಾರ್ಯವಾಗಿ ಕರಗತವಾಗುತ್ತವೆ. ಇದು ಲಾಭ. ಅಪಾಯವೆಂದರೆ, ಹಗುರ ಚೆಂಡನ್ನು ಮೊಣಕೈ ಮಡಿಸಿ ಎಸೆಯುವುದು ಬಹಳ ಸುಲಭ. ಬಯಲಿನ ಪಂದ್ಯಗಳಲ್ಲಿ ಇದನ್ನು ಹಿಡಿದು ನೋಬಾಲ್ ಕೊಡುವ ಅಂಪೈರ್ ಇರುವುದು ಅಪರೂಪ. ಎದುರಾಳಿಗಳ ಗಲಾಟೆಯೊಂದೇ ಅಲ್ಲಿನ ನಿಯಂತ್ರಣ. ಹೀಗೆ ನಾಲ್ಕೈದು ವರ್ಷ ರೂಢಿಯಾದ ಮೊಣಕೈ ಲೆದರ್ ಬಾಲ್‌ಗೆ ಬಂದಾಗ ಅನುಮಾನಕ್ಕೆ ಗುರಿಯಾಗುತ್ತದೆ. ಆ ಹೊತ್ತಿಗೆ ಹುಡುಗನಿಗೆ 17-18 ವರ್ಷವಾಗಿರುತ್ತದೆ, ತಿದ್ದಿಕೊಳ್ಳಲು ಸಮಯ ಉಳಿದಿರುವುದಿಲ್ಲ.

ನಿಯಮದ ಬಗ್ಗೆ ತಪ್ಪು ಕಲ್ಪನೆಗಳೇ ಹೆಚ್ಚು. ತೋಳು ಪೂರ್ತಿ ನೇರವಾಗಿರಬೇಕೆಂದು ನಿಯಮ ಹೇಳುವುದಿಲ್ಲ. ತೋಳು ಭುಜದ ಮಟ್ಟಕ್ಕೆ ಬಂದಾಗಿನಿಂದ ಚೆಂಡು ಕೈಬಿಡುವವರೆಗೆ ಮೊಣಕೈ ಎಷ್ಟು ನೇರವಾಗುತ್ತದೆ ಎಂಬುದಷ್ಟೇ ಪ್ರಶ್ನೆ. ಮೊದಲಿನಿಂದಲೂ ಬಾಗಿದ್ದು, ಹಾಗೆಯೇ ಬಾಗಿ ಉಳಿದ ತೋಳು ನಿಯಮಬದ್ಧ. ಮೊದಲು ಬಾಗಿದ್ದು ನಂತರ ನೇರವಾದರೆ ಅದು ಎಸೆತ. 1963ರಲ್ಲಿ ಬ್ರಿಸ್ಬೇನ್‌ನಲ್ಲಿ ಆಸ್ಟ್ರೇಲಿಯಾದ ಇಯಾನ್ ಮೆಕಿಫ್ ಅವರಿಗೆ, 1995ರಲ್ಲಿ ಮೆಲ್ಬರ್ನ್‌ನಲ್ಲಿ ಶ್ರೀಲಂಕಾದ ಮುತ್ತಯ್ಯ ಮುರಳೀಧರನ್ ಅವರಿಗೆ ನೋಬಾಲ್ ನೀಡಿದಾಗ ಅಂಪೈರ್‌ಗಳಿಗೆ ಬರಿಗಣ್ಣೇ ಗತಿಯಾಗಿತ್ತು. ಒಂದು ಹಂತದಲ್ಲಿ ಐಸಿಸಿ ವೇಗಿಗಳಿಗೆ 10, ಮಧ್ಯಮ ವೇಗಿಗಳಿಗೆ 7.5, ಸ್ಪಿನ್ನರ್‌ಗಳಿಗೆ 5 ಡಿಗ್ರಿಯ ಮಿತಿ ಇಟ್ಟಿತ್ತು. ಅತಿವೇಗದ ಕ್ಯಾಮೆರಾಗಳಿಂದ ಪರಿಶೀಲಿಸಿದಾಗ ‘ಶುದ್ಧ’ ಎನಿಸಿಕೊಂಡ ಬಹುತೇಕ ಬೌಲರ್‌ಗಳ ಮೊಣಕೈ ಕೂಡ ಸ್ವಲ್ಪ ನೇರವಾಗುತ್ತದೆಂಬುದು ಬೆಳಕಿಗೆ ಬಂದು, 2005ರ ಮಾರ್ಚ್‌ನಿಂದ ಎಲ್ಲರಿಗೂ 15 ಡಿಗ್ರಿಯ ಒಂದೇ ಮಿತಿ ಜಾರಿಗೆ ಬಂತು. ಬರಿಗಣ್ಣಿಗೆ ವ್ಯತ್ಯಾಸ ಗೋಚರಿಸತೊಡಗುವುದು ಹೆಚ್ಚುಕಡಿಮೆ ಅಲ್ಲಿಂದಲೇ ಎಂಬುದು ಆ ಸಂಖ್ಯೆಯ ಹಿಂದಿನ ತರ್ಕ.

ಮೊಬೈಲ್ ವಿಡಿಯೊ ನೋಡಿ ‘ಇವನು ಎಸೆಯುತ್ತಾನೆ’ ಎಂದು ತೀರ್ಪು ನೀಡುವವರು ಇಲ್ಲಿ ಎಚ್ಚರ ವಹಿಸಬೇಕು. ತೋಳು ತಿರುಗುವಾಗ ಒಂದೇ ಕೋನದ ಕ್ಯಾಮೆರಾಕ್ಕೆ ನೇರ ತೋಳೂ ಬಾಗಿದಂತೆ ಕಾಣುತ್ತದೆ. ಕೆಲವರ ಮೊಣಕೈ ಹುಟ್ಟಿನಿಂದಲೇ ಹಿಂದಕ್ಕೆ ಬಾಗಬಲ್ಲದು, ಆ ಬಾಗುವಿಕೆ ಲೆಕ್ಕಕ್ಕೆ ಬರುವುದಿಲ್ಲ. ದೇಹಕ್ಕೆ ಗುರುತುಗಳನ್ನು ಅಂಟಿಸಿ, ಹಲವು ಕ್ಯಾಮೆರಾಗಳಿಂದ ಏಕಕಾಲಕ್ಕೆ ಚಿತ್ರಿಸುವ ಪ್ರಯೋಗಾಲಯದಲ್ಲಿ ಮಾತ್ರ ಖಚಿತ ಕೋನ ತಿಳಿಯುತ್ತದೆ. ಐಸಿಸಿ ಮಾನ್ಯತೆಯ ಇಂಥ ಕೇಂದ್ರ ಚೆನ್ನೈನ ಶ್ರೀ ರಾಮಚಂದ್ರ ಸಂಸ್ಥೆಯಲ್ಲಿ ಸ್ಥಾಪನೆಯಾಗಿದೆ. ಮೊಬೈಲ್ ವಿಡಿಯೊ ಅನುಮಾನ ಹುಟ್ಟಿಸಬಹುದೇ ಹೊರತು ತೀರ್ಪು ನೀಡಲಾರದು. ಆದರೆ 13ರ ಹುಡುಗನ ಬಗ್ಗೆ ಹುಟ್ಟಿದ ಅನುಮಾನವನ್ನು ‘ದೊಡ್ಡವನಾದಾಗ ಸರಿಹೋಗುತ್ತದೆ’ ಎಂದು ಬಿಟ್ಟುಬಿಡುವುದು ಅವನಿಗೆ ಮಾಡುವ ಉಪಕಾರವಲ್ಲ.

ಬೆನ್ನೆಲುಬಿನ ಲೆಕ್ಕ

ಶೈಲಿಯ ದೋಷಕ್ಕೆ ಮೊದಲು ಬೆಲೆ ತೆರುವುದು ತೋಳಲ್ಲ, ಕೆಳಬೆನ್ನು. ಹಿಂಗಾಲು ಊರಿದಾಗ ಸೊಂಟ ಮತ್ತು ಭುಜಗಳು ಒಂದೇ ದಿಕ್ಕಿಗಿರಬೇಕು. ಎರಡೂ ಬ್ಯಾಟ್ಸ್‌ಮನ್ ಕಡೆಗಿರಲಿ, ಎರಡೂ ಪಕ್ಕಕ್ಕಿರಲಿ, ತೊಂದರೆಯಿಲ್ಲ. ಸೊಂಟ ಒಂದು ಕಡೆ, ಭುಜ ಇನ್ನೊಂದು ಕಡೆ ಇದ್ದು, ಭುಜಗಳು ಮೊದಲು ಹಿಂದಕ್ಕೆ 30 ಡಿಗ್ರಿಗಿಂತ ಹೆಚ್ಚು ತಿರುಗಿ ಆಮೇಲೆ ಮುಂದಕ್ಕೆ ಬರುವ ಮಿಶ್ರ ಶೈಲಿ ಅಪಾಯಕಾರಿ ಎಂಬುದು ತಜ್ಞರ ಬಹುಕಾಲದ ನಿಲುವು. ಬಟ್ಟೆ ಹಿಂಡಿದಂತೆ ಬೆನ್ನೆಲುಬಿನ ಕೆಳಭಾಗ ತಿರುಚಿಕೊಳ್ಳುತ್ತದೆ. ಪ್ರತಿ ಚೆಂಡಿಗೂ ಇದು ಪುನರಾವರ್ತನೆಯಾದಾಗ ಮೂಳೆಯಲ್ಲಿ ಕೂದಲೆಳೆಯ ಬಿರುಕು ಬೀಳುತ್ತದೆ. ಇಂಥ ಗಾಯ ಕ್ರೀಡಾ ವೈದ್ಯರ ಸವಲತ್ತು ಪಡೆದವರನ್ನೂ ಬಿಡುವುದಿಲ್ಲ. ಬೆಂಗಳೂರಿನ ಪ್ರಸಿದ್ಧ್ ಕೃಷ್ಣ ಕೆಳಬೆನ್ನಿನ ಮೂಳೆಬಿರುಕಿನಿಂದಾಗಿ 2022ರಲ್ಲಿ ಆಟದಿಂದ ಹೊರಗುಳಿದು, ಶಸ್ತ್ರಚಿಕಿತ್ಸೆಗೂ ಒಳಗಾಗಿ, 2023ರ ಐಪಿಎಲ್ ತಪ್ಪಿಸಿಕೊಂಡರು.

ಬೆಳೆಯುವ ವಯಸ್ಸಿನಲ್ಲಿ ಅತಿಯಾದ ಬೌಲಿಂಗ್ ಇನ್ನೊಂದು ಕಾರಣ. ಇಂಗ್ಲೆಂಡ್ ಕ್ರಿಕೆಟ್ ಮಂಡಳಿ ಬಹುಕಾಲ ಅನುಸರಿಸಿದ ಮಾರ್ಗಸೂಚಿಯಂತೆ 15 ವರ್ಷದೊಳಗಿನ ವೇಗಿ ಒಂದು ಸ್ಪೆಲ್‌ನಲ್ಲಿ 6, ದಿನಕ್ಕೆ 12 ಓವರ್‌ಗಿಂತ ಹೆಚ್ಚು ಬೌಲ್ ಮಾಡುವಂತಿರಲಿಲ್ಲ. ನಮ್ಮಲ್ಲಿ ಬೆಳಿಗ್ಗೆ ನೆಟ್ಸ್, ಸಂಜೆ ಶಾಲಾ ಪಂದ್ಯ, ರಾತ್ರಿ ಬಡಾವಣೆಯ ಟೆನಿಸ್ ಬಾಲ್ ತಂಡ ಎಂದು ಮೂರು ಪಾಳಿಯಲ್ಲಿ ಬೌಲ್ ಮಾಡುವ ಹುಡುಗನ ಓವರ್‌ಗಳನ್ನು ಎಣಿಸುವವರು ಮನೆಯವರಲ್ಲದೆ ಬೇರಾರೂ ಇಲ್ಲ. ಹಿಂದಕ್ಕೆ ಬಾಗಿದಾಗ ಬೆನ್ನಿನ ಒಂದೇ ಬದಿಯಲ್ಲಿ ನೋವು ಕಾಣಿಸಿಕೊಂಡು ವಾರಗಟ್ಟಲೆ ಉಳಿದರೆ ಎಣ್ಣೆ ತಿಕ್ಕಿ ಮತ್ತೆ ಮೈದಾನಕ್ಕೆ ಕಳುಹಿಸದೆ ಮೂಳೆತಜ್ಞರಿಗೆ ತೋರಿಸುವುದು ಲೇಸು.

ಅಮೆರಿಕದಲ್ಲೂ ಇದೇ ತಕರಾರು

ತೋಳಿನ ಬಲವೋ, ಕೌಶಲವೋ ಎಂಬ ಚರ್ಚೆ ಕ್ರಿಕೆಟ್‌ಗೆ ಸೀಮಿತವಲ್ಲ. ಅಮೆರಿಕನ್ ಫುಟ್‌ಬಾಲ್‌ನಲ್ಲಿ ಕ್ವಾರ್ಟರ್‌ಬ್ಯಾಕ್ ಎಂಬ ಆಟಗಾರ ಸುಮಾರು 400 ಗ್ರಾಂ ತೂಕದ, ಮೊಟ್ಟೆಯಾಕಾರದ ಚೆಂಡನ್ನು ಓಡುತ್ತಿರುವ ಜೊತೆಗಾರನಿಗೆ ಎಸೆಯುತ್ತಾನೆ. ಅವನಿಗೆ ಮೊಣಕೈ ಮಡಿಸುವ ಸ್ವಾತಂತ್ರ್ಯವಿದೆ ಎಂಬುದನ್ನು ಬಿಟ್ಟರೆ ಕಾಲು, ಸೊಂಟ, ಭುಜ, ತೋಳಿನ ಸರಪಳಿ ಹೆಚ್ಚುಕಡಿಮೆ ಒಂದೇ. ಆಯ್ಕೆಗೆ ಮುನ್ನ ಅಲ್ಲಿಯೂ ರಾಡಾರ್‌ನಿಂದ ಚೆಂಡಿನ ವೇಗ ಅಳೆಯಲಾಗುತ್ತದೆ. 2007ರಲ್ಲಿ ಅಸಾಧಾರಣ ತೋಳಿನ ಬಲಕ್ಕೆ ಹೆಸರಾಗಿದ್ದ ಜಮಾರ್ಕಸ್ ರಸೆಲ್ ಮೊಟ್ಟಮೊದಲಿಗರಾಗಿ ಆಯ್ಕೆಯಾದರು, ಮೂರೇ ಋತುಗಳಲ್ಲಿ ಅವರ ವೃತ್ತಿಜೀವನ ಮುಗಿಯಿತು. ಅದಕ್ಕೂ ಮುನ್ನ, 2000ರಲ್ಲಿ, ತೋಳು ಸಾಧಾರಣ ಎಂದು ಪರಿಗಣಿತರಾಗಿ 199ನೆಯವರಾಗಿ ಆಯ್ಕೆಯಾಗಿದ್ದ ಟಾಮ್ ಬ್ರೇಡಿ ಏಳು ಸೂಪರ್ ಬೌಲ್ ಗೆದ್ದರು. ಈ ಎರಡು ಉದಾಹರಣೆಗಳಿಂದ ವೇಗ ಮುಖ್ಯವಲ್ಲವೆಂದು ತೀರ್ಮಾನಿಸಿದರೆ ಅದೂ ತಪ್ಪೇ. ಅತಿ ದುರ್ಬಲ ತೋಳಿನವರು ಆ ಪಟ್ಟಿಯವರೆಗೆ ಬರುವುದೇ ಇಲ್ಲ. ಒಂದು ಕನಿಷ್ಠ ಮಟ್ಟ ದಾಟಿದ ಮೇಲೆ ಉಳಿದ ಗುಣಗಳು ನಿರ್ಣಾಯಕವಾಗುತ್ತವೆ, ಆ ಕನಿಷ್ಠ ಮಟ್ಟ ಯಾವುದೆಂಬುದು ಆಡಬೇಕಾದ ಪಂದ್ಯವನ್ನು ಅವಲಂಬಿಸಿದೆ. ವಿನಯ್ ಅವರ ವೇಗ ರಣಜಿಯ ಮಟ್ಟವನ್ನು ಧಾರಾಳವಾಗಿ ದಾಟಿತ್ತು, ಪರ್ತ್‌ನ ಮಟ್ಟವನ್ನು ದಾಟಿರಲಿಲ್ಲ.

ಆರು ಚೆಂಡಿನ ಪರೀಕ್ಷೆ

ಆಯ್ಕೆ ಶಿಬಿರದಲ್ಲಿ ನೂರಾರು ಹುಡುಗರು ಸರದಿಯಲ್ಲಿ ನಿಂತಾಗ ಒಬ್ಬೊಬ್ಬರಿಗೆ ಸಿಗುವುದು ಬೆರಳೆಣಿಕೆಯ ಚೆಂಡುಗಳು. ಹರಿಹರದಿಂದಲೋ ಹೊನ್ನಾಳಿಯಿಂದಲೋ ಬೆಳಗಿನ ಬಸ್ಸು ಹಿಡಿದು ಬಂದವನು ಮೈ ಬಿಸಿಯಾಗುವ ಮುನ್ನವೇ ತನ್ನ ಪಾಲಿನ ಚೆಂಡುಗಳನ್ನು ಮುಗಿಸಿರುತ್ತಾನೆ. ಅಷ್ಟರಲ್ಲಿ ಗೊತ್ತಾಗುವುದು ವೇಗವೊಂದೇ. ಸಂಜೆಯ ಮೂರನೇ ಸ್ಪೆಲ್‌ನಲ್ಲಿ ಅವನ ಲೆಂಗ್ತ್ ಏನಾಗುತ್ತದೆ, ಬೌಂಡರಿ ಹೊಡೆಸಿಕೊಂಡ ಮೇಲೆ ಮುಂದಿನ ಚೆಂಡನ್ನು ಎಲ್ಲಿ ಹಾಕುತ್ತಾನೆ, 40 ಓವರ್ ಹಳೆಯದಾದ ಚೆಂಡಿನಿಂದ ಏನು ಮಾಡಬಲ್ಲ ಎಂಬುದಕ್ಕೆ ಆರು ಚೆಂಡು ಸಾಲದು. ಹದಿಹರೆಯದಲ್ಲಿ ದೇಹ ಬೆಳೆಯುವ ವೇಗವೂ ಒಬ್ಬೊಬ್ಬರದು ಒಂದೊಂದು ಬಗೆ. 15ನೇ ವಯಸ್ಸಿಗೇ ಮೀಸೆ ಬಂದವನ 120 ಕಿ.ಮೀ.ಗಿಂತ ಇನ್ನೂ ಎಳಸಾಗಿರುವವನ 112 ಕಿ.ಮೀ. ಹೆಚ್ಚು ಭರವಸೆಯದಾಗಿರಬಹುದು. ಅದು ತಿಳಿಯಬೇಕಿದ್ದರೆ ಗನ್ ಕೆಳಗಿಟ್ಟು ಮುಂಗಾಲು, ಸೊಂಟ, ಮಣಿಕಟ್ಟುಗಳನ್ನು ನೋಡಬೇಕು.

ಗನ್ ಬಳಸಲೇಬೇಕೆಂದಿದ್ದರೆ ಅದನ್ನು ವಿಕೆಟ್‌ನ ನೇರಕ್ಕೆ ಹಿಡಿದು, ಮೈ ಬಿಸಿಯಾದ ನಂತರದ ಹತ್ತು ಹನ್ನೆರಡು ಚೆಂಡುಗಳನ್ನು ಅಳೆದು, ಅತಿ ವೇಗದ ಒಂದು ಚೆಂಡಿನ ಬದಲು ಸರಾಸರಿಯನ್ನೂ ಏರಿಳಿತವನ್ನೂ ಬರೆದಿಡುವುದು ಸೂಕ್ತ. ಎಲ್ಲ ಚೆಂಡುಗಳೂ 118ರಿಂದ 121ರ ಒಳಗಿದ್ದರೆ ಆ ಬೌಲರ್‌ನ ಶೈಲಿ ನೆಲೆಗೊಂಡಿದೆ ಎಂದರ್ಥ. 108ರಿಂದ 126ರವರೆಗೆ ಏರಿಳಿದಿದ್ದರೆ, ಅದು ಉದ್ದೇಶಪೂರ್ವಕವಲ್ಲದಿದ್ದಲ್ಲಿ, ಸರಪಳಿಯ ಯಾವುದೋ ಕೊಂಡಿ ಸಡಿಲವಾಗಿದೆ. ಅದೇ ಹೊತ್ತಿನಲ್ಲಿ ಪಕ್ಕದಿಂದ ಮತ್ತು ಹಿಂದಿನಿಂದ ನಿಧಾನಗತಿಯ ವಿಡಿಯೊ ತೆಗೆದಿಟ್ಟರೆ ಕೈಬಿಟ್ಟವರಿಗೂ ಮುಂದಿನ ವರ್ಷ ಏನನ್ನು ತಿದ್ದಿಕೊಂಡು ಬರಬೇಕೆಂದು ತೋರಿಸಲು ಸಾಧ್ಯ. ಇಷ್ಟಕ್ಕೆ ತಗಲುವ ವೆಚ್ಚ ಎರಡು ಮೊಬೈಲ್ ಮತ್ತು ಎರಡು ಸ್ಟ್ಯಾಂಡ್.

ನಿವೃತ್ತಿಯಾದ ವರ್ಷವೇ, 2021ರಲ್ಲಿ, ಐಪಿಎಲ್ ತಂಡ ಮುಂಬೈ ಇಂಡಿಯನ್ಸ್ ವಿನಯ್ ಕುಮಾರ್ ಅವರನ್ನು ತನ್ನ ಪ್ರತಿಭಾನ್ವೇಷಣೆ ವಿಭಾಗಕ್ಕೆ ಸೇರಿಸಿಕೊಂಡಿತು. ಅಲ್ಲಿ ಅವರ ಕೆಲಸ, ದೇಶದ ಊರೂರುಗಳಲ್ಲಿರುವ ಹುಡುಗರ ತೋಳುಗಳನ್ನು ನೋಡಿ ಆಯ್ಕೆ ಮಾಡುವುದು.